ಸೆರಗು ಟೆಸ್ಟು

ಹಾರ್ಡ್ ಡಿಸ್ಕ್ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. ಯಾವ ಸಾಫ್ಟ್‌ವೇರ್ ಒಳ್ಳೆಯದು, ಯಾವ ಕೋರ್ಸ್ ಮಾಡಿದರೆ ಮೇಲೆ ಬರಬಹುದು ಎಂದು ಕೇಳುತ್ತಾರೆ. ನನಗೆ ಗೊತ್ತಿರುವುದು ಅದಲ್ಲ. ನನಗೆ ಗೊತ್ತಿರುವುದು ಕಾಯುವುದು. ಡಿಸ್ಕನ್ನು ಪರೀಕ್ಷೆಯ ಬೆಂಚಿಗೆ ಸಿಕ್ಕಿಸಿ, ಅದರ ಉದ್ದಗಲಕ್ಕೂ ಬರೆಸಿ, ಬರೆದದ್ದನ್ನೆಲ್ಲ ಮತ್ತೆ ಓದಿಸಿ, ಎಲ್ಲಿ ಏದುಸಿರು ಬಿಡುತ್ತದೆ ಎಂದು ನೋಡುತ್ತ ಕೂರುವುದು. ನನ್ನ ಹೆಂಡತಿ ಇದನ್ನು ಎಮ್ಮೆ ಕಾಯುವ ಕೆಲಸ ಎನ್ನುತ್ತಿದ್ದಳು. ಎಮ್ಮೆಯಾದರೆ ಸಂಜೆಗೆ ಹಾಲಾದರೂ ಕೊಡುತ್ತದೆ ಎಂದು ನಾನು ಹೇಳುತ್ತಿದ್ದೆ.

ಫೋನಿನಲ್ಲಿ ಹೇಳಲಾಗದ ಒಂದು ಸಂಗತಿ ಇದೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಮ್ಮ ಬೆಂಚಿನಲ್ಲಿ ಹುಟ್ಟಿದ ಒಂದು ಮಾತು ಒಬ್ಬ ಹೆಣ್ಣುಮಗಳನ್ನು ಏನು ಮಾಡಿತು ಎಂಬ ಸಂಗತಿ. ಆದರೆ ಮೊದಲಿಂದ ಬರಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ನಮ್ಮೂರು ಬೂದಿಗೆರೆ. ಡಿಪ್ಲೊಮಾ ಮುಗಿಸಿ ಸೇರಿದ್ದು ದೊಡ್ಡಬಳ್ಳಾಪುರದ ಒಂದು ಖಾಸಗಿ ಕಂಪನಿಗೆ. ಆಗ ಅಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದರು. ನನ್ನ ಮೊದಲ ಮೇಲಧಿಕಾರಿ ವೆಂಕಟರಮಣಪ್ಪ. ಕೋಪ ಬಂದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಸೆಯುತ್ತಿದ್ದರು, ಆಮೇಲೆ ಗೊಣಗುತ್ತ ತಾವೇ ಹೋಗಿ ಎತ್ತಿಕೊಳ್ಳುತ್ತಿದ್ದರು. ಅದೇ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಆನಿಸಿ ಒಳಗಿನ ಸದ್ದು ಕೇಳುವುದನ್ನು ನನಗೆ ಕಲಿಸಿದವರೂ ಅವರೇ. ಸೇರಿದ ಹೊಸತರಲ್ಲಿ ನಾನು ಖಾಲಿ ಡಿಸ್ಕನ್ನು ಸ್ವಲ್ಪ ಹೊತ್ತು ಓಡಿಸಿ, "ಚೆನ್ನಾಗಿದೆ ಸಾರ್, ಒಳ್ಳೆ ಸ್ಪೀಡು" ಎಂದೆ. ಸ್ಕ್ರೂಡ್ರೈವರ್ ನನ್ನ ಕಾಲ ಬಳಿ ಬಂದು ಬಿತ್ತು.

"ಖಾಲಿ ಗಾಡಿ ಹೂಡಿ ಎತ್ತು ಗಟ್ಟಿಯಾಗೈತೆ ಅಂತ ಹೇಳ್ತೀಯೇನಯ್ಯ? ಹೇರು ಹೇರ್ಸು, ದಿಬ್ಬ ಹತ್ಸು, ಆಮೇಲೆ ಹೇಳು."

ನನಗೆ ಗೊತ್ತಿರುವ ಪರೀಕ್ಷೆಯ ಶಾಸ್ತ್ರವೆಲ್ಲ ಈ ಮಾತಿನಲ್ಲೇ ಇದೆ.

ಅಂಥವರನ್ನೂ ಒಂದು ತಪ್ಪು ತಿಂದುಹಾಕಿತು. ಒಮ್ಮೆ ಚೆನ್ನೈ ಕಡೆಯಿಂದ ಹೊಸ ಡಿಸ್ಕುಗಳು ಬಂದವು. ಒಂದೂ ಸರಿಯಾದ ವೇಗದಲ್ಲಿ ಓಡಲಿಲ್ಲ. ಕರೆಂಟು ಹೋಗಿ ನಾವು ಯುಪಿಎಸ್ ಮೇಲೆ ಇದ್ದಾಗ ಮಾತ್ರ ಚೆನ್ನಾಗಿ ಓಡುತ್ತಿದ್ದವು. ನಮಗೆ ತಲೆ ಕೆಟ್ಟಿತು. ವೋಲ್ಟೇಜ್ ಅಳೆದೆವು, ಕೇಬಲ್ ಬದಲಿಸಿದೆವು. ಕೊನೆಗೆ ಇಡೀ ಸರಕನ್ನೇ ಕೆಟ್ಟದ್ದೆಂದು ವಾಪಸ್ ಕಳಿಸಿದೆವು. ಅವರ ಕಡೆಯ ಎಂಜಿನಿಯರೊಬ್ಬ ಬಂದು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಂತ.

"ಇದೇನು ಸಾರ್ ಇಷ್ಟು ಸದ್ದು?"

"ಯಾವ ಸದ್ದು?" ಎಂದೆವು ನಾವೆಲ್ಲ ಒಟ್ಟಿಗೆ.

ನಮ್ಮ ಗೋಡೆಯ ಆಚೆಗೆ ವಿದ್ಯುತ್ ಮಗ್ಗದ ಶೆಡ್ಡು ಇತ್ತು. ಅದು ಬೆಳಗಿನಿಂದ ಸಂಜೆಯವರೆಗೆ ಬಡಿಯುತ್ತಿತ್ತು, ಆ ಅದುರು ಗೋಡೆ ಹಿಡಿದು ಬೆಂಚಿಗೆ ಬರುತ್ತಿತ್ತು. ಡಿಸ್ಕಿನೊಳಗೆ ಬರೆಯುವ, ಓದುವ ಹೆಡ್ಡು ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ಬರೆದದ್ದನ್ನೇ ಮತ್ತೆ ಬರೆಯುತ್ತ ಕೂರುತ್ತದೆ. ಹಳೆಯ ಡಿಸ್ಕುಗಳು ಆ ಅದುರನ್ನು ತಡೆದುಕೊಳ್ಳುತ್ತಿದ್ದವು, ಈ ಹೊಸವು ಇನ್ನೂ ಸೂಕ್ಷ್ಮ. ಕರೆಂಟು ಹೋದಾಗ ಮಗ್ಗ ನಿಲ್ಲುತ್ತಿತ್ತು, ಡಿಸ್ಕು ಓಡುತ್ತಿತ್ತು. ಬೆಂಚಿನಲ್ಲಿದ್ದವರಲ್ಲಿ ಅರ್ಧ ಜನ ನೇಯುವವರ ಮನೆಯಲ್ಲಿ ತೊಟ್ಟಿಲಲ್ಲೇ ಮಗ್ಗದ ಸದ್ದು ಕೇಳಿ ಮಲಗಿದವರು. ಉಳಿದವರಿಗೂ ಊರಿನ ಸದ್ದು ಅಭ್ಯಾಸವಾಗಿತ್ತು. ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕಂಪನಿಗೆ ಮುಖಭಂಗವಾಯಿತು. ವೆಂಕಟರಮಣಪ್ಪ ಯಾರ ಕಡೆಗೂ ಬೆರಳು ತೋರಿಸಲಿಲ್ಲ. "ಬೆಂಚು ನಂದು, ತಪ್ಪು ನಂದು" ಎಂದರು. ಅವರನ್ನು ಮನೆಗೆ ಕಳಿಸಿದರು. ಹೋಗುವಾಗ ಸ್ಕ್ರೂಡ್ರೈವರ್ ನನ್ನ ಮೇಜಿನ ಮೇಲಿಟ್ಟು ಹೋದರು. ಎಸೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಕಂಪನಿ ಕೈಗಾರಿಕಾ ಪ್ರದೇಶದ ಹೊಸ ಕಟ್ಟಡಕ್ಕೆ ಹೋಯಿತು. ಕಂಪ್ಯೂಟರ್ ಬಿಟ್ಟು ಸಿಸಿ ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆ ಮಾಡತೊಡಗಿದರು. ಡಿಸ್ಕುಗಳು ವರ್ಷದಿಂದ ವರ್ಷಕ್ಕೆ ಹೊಟ್ಟೆಬಾಕಗಳಾದವು. ಆಕಾರ ಅದೇ, ಒಳಗೆ ಹಿಡಿಯುವುದು ಮಾತ್ರ ಊರಿಗೆ ಊರೇ. ಮೊದಲು ಕಾಫಿ ಕುಡಿದು ಊಟಕ್ಕೆ ಏಳುವಷ್ಟರಲ್ಲಿ ಮುಗಿಯುತ್ತಿದ್ದ ಪರೀಕ್ಷೆ ಈಗ ಸೋಮವಾರ ಹಾಕಿದರೆ ಬುಧವಾರಕ್ಕೂ ಮುಗಿಯದು. ದೊಡ್ಡ ಡಿಸ್ಕಿನ ಗುಣವನ್ನು ಹೊಸಬರು ತಿಳಿದಿರಬೇಕು. ಒಳಗೆ ತಟ್ಟೆಗಳು ತಿರುಗುತ್ತವೆ, ಬರೆಯುವುದು ಹೊರ ಅಂಚಿನಿಂದ ಶುರುವಾಗುತ್ತದೆ. ಅಲ್ಲಿ ವೇಗ ಜಾಸ್ತಿ. ಒಳಗೊಳಗೆ ಹೋದಂತೆ ವೇಗ ಇಳಿಯುತ್ತದೆ. ರೋಗವಿದ್ದರೆ ಎಷ್ಟೋ ಸಲ ಒಳಗೇ ಅಡಗಿರುತ್ತದೆ. ಹೊರ ಅಂಚನ್ನಷ್ಟೇ ನೋಡಿದರೆ ಎಂಥ ಡಿಸ್ಕೂ ರಾಜಕುಮಾರನ ಹಾಗೆ ಕಾಣುತ್ತದೆ.

ಇದನ್ನೇ ಒಂದು ದಿನ ಸುಕನ್ಯಾಗೆ ಹೇಳಿಕೊಡುತ್ತಿದ್ದೆ. ಸುಕನ್ಯಾ ನನ್ನ ಪಕ್ಕದ ಬೆಂಚಿಗೆ ಹೊಸದಾಗಿ ಬಂದಿದ್ದಳು. ದೊಡ್ಡಬಳ್ಳಾಪುರದ ನೇಯುವ ಮನೆಯ ಮಗಳು, ತೂಬಗೆರೆ ಕಡೆಯ ಮುನಿರಾಜುಗೆ ಕೊಟ್ಟಿದ್ದರು. ನಾನು ಹೇಳುವುದನ್ನೆಲ್ಲ ತಲೆ ಓರೆ ಮಾಡಿ ಕೇಳಿ, ಅವಳು ಫಕ್ಕನೆ ನಕ್ಕಳು.

"ಅಷ್ಟೇನಾ ಅಣ್ಣಾ? ಹೊರಗಡೆದು ಸೆರಗು, ಒಳಗಡೆದು ಒಡಲು ಅನ್ನಿ. ನಮ್ಮಪ್ಪ ಹೇಳೋರು, ಸೆರಗು ತೋರ್ಸಿ ಮಾರೋನ್ನ ನಂಬ್ಬೇಡ, ಸೀರೆ ಪೂರ್ತಿ ಬಿಚ್ಸು ಅಂತ."

ಆ ಮಾತು ನಮಗೆಲ್ಲ ಎಷ್ಟು ಇಷ್ಟವಾಯಿತೆಂದರೆ, ಆವತ್ತಿನಿಂದ ಬೆಂಚಿನಲ್ಲಿ ಅದೇ ಭಾಷೆ. "ಸೆರಗು ಮುಗೀತು, ಒಡಲು ಓಡ್ತಿದೆ." "ಈ ಡಿಸ್ಕಿನ ಒಡಲಲ್ಲಿ ಎಳೆ ತಪ್ಪಿದೆ ಕಣ್ರೋ." ಇಂಗ್ಲಿಷಿನಲ್ಲಿ ಅದಕ್ಕೆ ಏನೇನೋ ಹೆಸರಿದ್ದವು, ನಮ್ಮ ನಾಲಗೆಗೆ ಬರುತ್ತಿರಲಿಲ್ಲ. ಮ್ಯಾನೇಜರ್ ಪ್ರಭಾಕರ್ ಕೂಡ ಅದನ್ನೇ ಕಲಿತುಕೊಂಡರು. ಬಹಳ ಬೇಗ ಕಲಿತರು.

ಪ್ರಭಾಕರ್ ಕೆಟ್ಟವರಾಗಿ ಬಂದವರಲ್ಲ. ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಿದ್ದರು, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ ಮೇಲಿನವರು ಇಷ್ಟು ಪೆಟ್ಟಿಗೆ ಹೋಗಲೇಬೇಕು ಎಂದಾಗ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಮೊದಮೊದಲು ಅವಸರದ ಆರ್ಡರಿಗೆ ಮಾತ್ರ, "ಇದೊಂದು ಸೆರಗು ನೋಡಿ ಕಳ್ಸ್ಬಿಡಿ" ಎನ್ನುತ್ತಿದ್ದರು. ನಾನು ಆಗೋದಿಲ್ಲ ಎಂದೆ. "ಒಂದ್ಸಲ ಸಾರ್, ಗಾಡಿ ನಿಂತಿದೆ" ಎಂದರು. ಆಮೇಲೆ ಎಲ್ಲ ಆರ್ಡರೂ ಅವಸರದ್ದೇ ಆಯಿತು. ನಾನು ಜಗಳವಾಡಿದೆ. ನನ್ನ ಬೆಂಚಿಗೆ ಬರುವ ಡಿಸ್ಕುಗಳು ಕಡಿಮೆಯಾದವು, ಪಕ್ಕದ ಬೆಂಚುಗಳಿಗೆ ಜಾಸ್ತಿಯಾದವು. ಕ್ರಮೇಣ 'ಸೆರಗು ಟೆಸ್ಟು' ಎಂಬುದು ಮಗ್ಗದ ಸದ್ದಿನ ಹಾಗೆ ಆಯಿತು. ಯಾರಿಗೂ ಕೇಳಿಸದ ಹಾಗೆ.

ಮುನಿರಾಜು ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದ. ತಾಮ್ರದ ತಂತಿಯ ಸುರುಳಿ ಇಡುವ ಗೋಡೌನು. ಮಾಲೀಕರು ಕ್ಯಾಮೆರಾ ಹಾಕಿಸುವ ಯೋಚನೆಯಲ್ಲಿದ್ದಾಗ ಇವನೇ ಹೇಳಿದನಂತೆ, "ನಮ್ಮನೆಯೋಳು ಕೆಲ್ಸ ಮಾಡೋ ಕಂಪನೀದು ತಗೊಳಿ ಸಾರ್, ಅವ್ಳೇ ಟೆಸ್ಟ್ ಮಾಡಿ ಕಳಿಸ್ತಾಳೆ." ಅವನಿಗೆ ಹೆಂಡತಿಯ ಬಗ್ಗೆ ಅಷ್ಟು ಹೆಮ್ಮೆ.

ಆ ಪೆಟ್ಟಿಗೆಗೆ ಹೋಗುವ ದೊಡ್ಡ ಡಿಸ್ಕು ಸುಕನ್ಯಾಳ ಬೆಂಚಿಗೇ ಬಂತು. "ಇದು ನಮ್ಮೆಜಮಾನ್ರ ಗೋಡೌನಿಗೆ ಹೋಗೋದು. ಪೂರ್ತಿ ಒಡಲು ನೋಡೇ ಕಳಿಸ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಾಕಿದಳು. ಮಧ್ಯಾಹ್ನ ಪ್ರಭಾಕರ್ ಬಂದು ಪರದೆ ನೋಡಿದರು.

"ಇನ್ನೂ ಮುಗಿದಿಲ್ವಾ?"

"ಈಗ ಸೆರಗು ಆಗಿದೆ ಸಾರ್. ಒಡಲು ನಾಳಿದ್ದಕ್ಕೆ ಆಗುತ್ತೆ."

"ಸೆರಗು ನೋಡಿ ಕಳ್ಸಮ್ಮಾ, ಗಾಡಿ ನಿಂತಿದೆ."

"ಸಾರ್, ಇದೊಂದು—"

"ಇದೊಂದು ಅಂತ ಎಲ್ರೂ ಹೇಳಿದ್ರೆ ನಾನು ಯಾರಿಗೆ ಹೇಳ್ಲಿ?"

ಅವರೇ ಕೇಬಲ್ ಕಿತ್ತರು. ಪಾಸಾದ ಡಿಸ್ಕಿಗೆ ಪರೀಕ್ಷೆ ಮಾಡಿದವರ ಹೆಸರಿನ ಮೊದಲ ಅಕ್ಷರ ಬರೆದು ಚೀಟಿ ಅಂಟಿಸುವುದು ನಮ್ಮ ಪದ್ಧತಿ. ಸುಕನ್ಯಾ 'ಸು' ಎಂದು ಬರೆದು ಅಂಟಿಸಿದಳು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದೆ.

ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಯಾಕೆ ಮಾಡುವುದಿಲ್ಲ? ಸೆರಗಿನ ಭಾಗ ತುಂಬುವವರೆಗೆ ಏನೂ ಆಗುವುದಿಲ್ಲ. ಒಡಲಿಗೆ ಇಳಿದ ಮೇಲೆ ನೋಡಬೇಕು.

ಒಂದು ಮಧ್ಯಾಹ್ನ ಗೋಡೌನಿನಿಂದ ತಾಮ್ರದ ಸುರುಳಿಗಳು ಕಳುವಾದವು. ಕ್ಯಾಮೆರಾದಲ್ಲಿ ನೋಡಿದರೆ ಊಟದ ಹೊತ್ತಿನವರೆಗೆ ಚಿತ್ರವಿದೆ, ಸಂಜೆಯಿಂದ ಮತ್ತೆ ಇದೆ, ನಡುವೆ ಏನೂ ಇಲ್ಲ. ರೆಕಾರ್ಡರ್ ಇದ್ದ ಕೋಣೆಯ ಕೀ ಮುನಿರಾಜುವಿನ ಬಳಿ. ಕಳ್ಳರ ಜೊತೆ ಸೇರಿ ಇವನೇ ಅಳಿಸಿದ್ದಾನೆ ಎಂದರು. ಪೊಲೀಸರು ವಿಚಾರಣೆಗೆಂದು ಕರೆದುಕೊಂಡು ಹೋದರು. ಹೋದವನು ನಡೆದುಕೊಂಡೇ ಮನೆಗೆ ಬಂದ, ಆದರೆ ಎಡಗೈ ಎತ್ತಲಾಗುತ್ತಿರಲಿಲ್ಲ. ಸುಕನ್ಯಾ ಅವನಿಗೆ ಅಂಗಿ ತೊಡಿಸಿ ಕೆಲಸಕ್ಕೆ ಬರುತ್ತಿದ್ದಳು. ತೂಬಗೆರೆಯಲ್ಲಿ ನೆಂಟರೇ ಅವನನ್ನು ಕಂಡು ರಸ್ತೆ ದಾಟುತ್ತಿದ್ದರಂತೆ.

ಮಾಲೀಕರು ಪೆಟ್ಟಿಗೆಯನ್ನು ನಮ್ಮ ಕಂಪನಿಗೆ ಕಳಿಸಿ ಒಂದೇ ಪ್ರಶ್ನೆ ಕೇಳಿದರು: ಡಿಸ್ಕು ಸರಿಯಿದೆಯೋ ಇಲ್ಲವೋ? ಸರಿಯಿದ್ದರೆ ಮುನಿರಾಜು ಕಳ್ಳ. ಅಷ್ಟು ಸರಳ.

ಪ್ರಭಾಕರ್ ಡಿಸ್ಕನ್ನು ನನ್ನ ಮೇಜಿಗೆ ತಂದಿಟ್ಟರು. "ನೀವು ಸೀನಿಯರ್ರು, ನಿಮ್ಮ ಮಾತಿಗೆ ಬೆಲೆ ಇರುತ್ತೆ. ಸೆರಗು ನೋಡಿ, ಪಾಸು ಅಂತ ಕೊಟ್ಬಿಡಿ" ಎಂದರು. ಡಿಸ್ಕಿನ ಮೇಲೆ 'ಸು' ಎಂಬ ಚೀಟಿ ಇನ್ನೂ ಹಾಗೇ ಇತ್ತು.

ಸುಕನ್ಯಾ ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದಳು.

"ಅಣ್ಣಾ, ಒಡಲು ನೋಡಿ."

"ಒಡಲಲ್ಲಿ ಏನಾದ್ರೂ ಸಿಕ್ರೆ ನಿನ್ ತಲೆ ಮೇಲೆ ಬರುತ್ತೆ ಕಣಮ್ಮ. ಚೀಟಿ ನಿಂದು."

"ಬರ್ಲಿ ಬಿಡಿ. ನಂದು ಕೆಲ್ಸ ಹೋಗುತ್ತೆ, ಅವರದು ಮಾನ ಹೋಗಿದೆ. ಯಾವುದು ದೊಡ್ಡದು ನೀವೇ ಹೇಳಿ."

"ಏನೂ ಸಿಗದಿದ್ರೆ?"

"ಸಿಗುತ್ತೆ. ಅವ್ರು ಕದ್ದಿಲ್ಲ ಅಣ್ಣಾ" ಎಂದಳು.

ನಾನು ಪೂರ್ತಿ ಹಾಕಿದೆ. ಅದು ಸಾಕ್ಷಿಯ ಡಿಸ್ಕು, ಅದರ ಮೇಲೆ ಒಂದಕ್ಷರವೂ ಬರೆಯುವ ಹಾಗಿಲ್ಲ, ಓದಿಸುವುದಷ್ಟೇ. ನನ್ನ ಜೀವಮಾನದಲ್ಲಿ ಎಷ್ಟೋ ಡಿಸ್ಕುಗಳಿಗೆ ಕಾದಿದ್ದೇನೆ, ಆದರೆ ಕೆಟ್ಟಿರಲಿ ಎಂದು ದೇವರನ್ನು ಬೇಡಿಕೊಂಡಿದ್ದು ಅದೊಂದಕ್ಕೆ ಮಾತ್ರ. ಸೆರಗು ನೀಟಾಗಿ ಓಡಿತು. ಪರದೆಯ ಮೇಲಿನ ವೇಗದ ಗೆರೆ ನೇರವಾಗಿ, ನಯವಾಗಿ ಹೋಯಿತು. ಮಾರನೆಯ ದಿನ ಒಡಲಿಗೆ ಇಳಿದ ಮೇಲೂ ಏನಿಲ್ಲ. ಸುಕನ್ಯಾ ತನ್ನ ಬೆಂಚಿನಿಂದ ತಿರುಗಿಯೂ ನೋಡುತ್ತಿರಲಿಲ್ಲ. ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಮೂರನೆಯ ದಿನ ಕಾಫಿ ಹೊತ್ತಿಗೆ ಗೆರೆ ಕುಸಿಯಿತು, ಬಾವಿಗೆ ಬಿದ್ದ ಹಾಗೆ. ನಾನು ವೆಂಕಟರಮಣಪ್ಪನವರ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಒಳಗೆ ಹೆಡ್ಡು ಟಕ್ ಟಕ್ ಎಂದು ಹೋಗಿ ಬರುತ್ತಿತ್ತು, ಓದಲಾಗದೆ ಮತ್ತೆ ಮತ್ತೆ ತಡಕುತ್ತಿತ್ತು. ಆ ಜಾಗಕ್ಕೆ ಬಂದಾಗಲೆಲ್ಲ ಡಿಸ್ಕು ಏಗಲಾರದೆ ನಿಂತಿದೆ, ಇಷ್ಟು ಕ್ಯಾಮೆರಾಗಳು ಒಟ್ಟಿಗೆ ಕಳಿಸುವ ಚಿತ್ರ ಹಾಗೆಯೇ ಚೆಲ್ಲಿಹೋಗಿದೆ. ಕಳುವಾದ ಮಧ್ಯಾಹ್ನದ ಚಿತ್ರ ಬೀಳಬೇಕಿದ್ದ ಜಾಗವೂ ಅದೇ. ಯಾರೂ ಏನನ್ನೂ ಅಳಿಸಿಲ್ಲ.

ಸಿಕ್ಕಿತು ಎಂದು ಸುಕನ್ಯಾಗೆ ತಲೆ ಆಡಿಸಿ ತೋರಿಸಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಕೊನೆ.

ನಾನು ಕಂಡದ್ದನ್ನು ಕಂಡಂತೆ ಬರೆದುಕೊಟ್ಟೆ. ಗೋಡೌನಿನವರು ಮುನಿರಾಜುವಿನ ಮೇಲಿನ ದೂರು ವಾಪಸ್ ತೆಗೆದುಕೊಂಡು ನಮ್ಮ ಕಂಪನಿಯ ಮೇಲೆ ತಿರುಗಿಬಿದ್ದರು. ಕೂಡಲೇ ಕಂಪನಿ ಸುಕನ್ಯಾಳ ಮೇಲೆ ವಿಚಾರಣೆ ಇಟ್ಟಿತು.

ಹೆಡ್ ಆಫೀಸಿನಿಂದ ಇಬ್ಬರು ಬಂದರು. ಕನ್ನಡ ಬಾರದ ಒಬ್ಬ ಅಧಿಕಾರಿ, ಬೆಂಗಳೂರಿನ ಎಚ್ಆರ್ ಮೇಡಂ ಒಬ್ಬರು. ಬೆಂಚಿನವರನ್ನೂ ಆಫೀಸಿನವರನ್ನೂ ಕರೆಸಿ ಕೂರಿಸಿದರು. ಪೂರ್ತಿ ಪರೀಕ್ಷೆ ಮಾಡದೆ ಯಾಕೆ ಚೀಟಿ ಅಂಟಿಸಿದಿರಿ ಎಂದು ಕೇಳಿದರು. ಸುಕನ್ಯಾ ಧೈರ್ಯವಾಗಿಯೇ ನಿಂತಿದ್ದಳು.

"ನಾನು ಮಾಡ್ತಿದ್ದೆ ಮೇಡಂ. ಸಾರೇ ಬಂದು ಸೆರಗು ನೋಡಿ ಕಳ್ಸಮ್ಮಾ ಅಂದ್ರು."

ಅಧಿಕಾರಿ ಏನೆಂದು ಕೇಳಿದ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತ ತನ್ನ ಹೆಗಲಿನ ಮೇಲೆ ಕೈಯಾಡಿಸಿ ಅವನಿಗೆ ಅರ್ಥ ಹೇಳಿದ. ಅವನ ಹುಬ್ಬು ಮೇಲೇರಿತು. ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದರು.

ಪ್ರಭಾಕರ್ ಎದ್ದು ನಿಂತರು. ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ಅವರ ಮುಖ ಬಿಳಿಚಿಕೊಂಡಿತ್ತು. ಆ ನಗು ಕೇಳಿದ ಮೇಲೆ ಅವರಿಗೆ ದಾರಿ ಹೊಳೆಯಿತು.

"ಛೆ ಛೆ! ಹೆಣ್ಮಕ್ಕಳ ಹತ್ರ ನಾನು ಸೆರಗಿನ ಮಾತಾಡ್ತೀನಾ ಮೇಡಂ? ನಂಗೂ ಹೆಂಡ್ತಿ, ಮಗಳು ಇದ್ದಾರೆ. ಸೆರಗು ಟೆಸ್ಟು ಅಂತ ನಮ್ಮಲ್ಲಿ ಯಾವುದಾದ್ರೂ ಟೆಸ್ಟ್ ಇದ್ಯಾ? ತೋರ್ಸಿ ನೋಡೋಣ."

ಇರಲಿಲ್ಲ. ನಿಯಮದ ಪುಸ್ತಕದಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಇಲ್ಲ. ಅದು ನಮ್ಮ ಬಾಯಲ್ಲಿ ಮಾತ್ರ ಇತ್ತು.

ಎಚ್ಆರ್ ಮೇಡಂ ಒಳ್ಳೆಯವರೇ ಇರಬೇಕು. ಮುಂದಕ್ಕೆ ಬಾಗಿ, ಮೆಲ್ಲಗೆ, "ಇವರು ನಿಮ್ಮ ಜೊತೆ ಯಾವತ್ತಾದ್ರೂ ತಪ್ಪಾಗಿ ನಡ್ಕೊಂಡಿದ್ದಾರಾ? ಬೇಕಿದ್ರೆ ಒಬ್ರೇ ಬಂದು ಹೇಳಿ" ಎಂದರು.

ಸುಕನ್ಯಾಗೆ ಆಗ ಅರ್ಥವಾಯಿತು, ತನ್ನ ಮಾತು ಅಲ್ಲಿ ಏನಾಗಿ ಕೇಳಿಸಿದೆ ಎಂದು. ಅವಳ ಕೈ ತಾನಾಗಿಯೇ ಹೋಗಿ ಸೀರೆಯ ಸೆರಗನ್ನು ಹೆಗಲ ತುಂಬ ಎಳೆದುಕೊಂಡಿತು. "ಇಲ್ಲ ಮೇಡಂ. ಅದಲ್ಲ" ಎಂದಳು.

ನಾನು ಎದ್ದು ಎಲ್ಲ ವಿವರಿಸಿದೆ. ಹೊರ ಅಂಚು, ಒಳಭಾಗ, ಸೀರೆ, ಮಗ್ಗ, ನಮ್ಮ ಊರು. ನನ್ನ ದನಿ ಏರಿತು. ಸೀರೆಗೂ ಹಾರ್ಡ್ ಡಿಸ್ಕಿಗೂ ಸಂಬಂಧ ಹೇಳುತ್ತಿರುವ ಮುದುಕನನ್ನು ಆ ಅಧಿಕಾರಿ ಸಹನೆಯಿಂದ ನೋಡಿದ. ನಿವೃತ್ತಿ ಯಾವಾಗ ಎಂದು ಕೇಳಿದ. ಹತ್ತಿರದಲ್ಲೇ ಇದೆ ಎಂದೆ. ಆಯಿತು, ಕೂತುಕೊಳ್ಳಿ ಎಂದ. ಬೆಂಚಿನ ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಅವರ ಚೀಟಿ ಅಂಟಿದ ಡಿಸ್ಕುಗಳೂ ಹೊರಗೆ ಎಷ್ಟೋ ಇದ್ದವು. ಅವರನ್ನು ನಾನು ಬೈಯಲಾರೆ, ಕ್ಷಮಿಸಲೂ ಆಗಿಲ್ಲ.

ಸುಕನ್ಯಾಳನ್ನು ಕೆಲಸದಿಂದ ತೆಗೆದರು. ಸಂಜೆಗೆ ಗೇಟಿನ ಟೀ ಅಂಗಡಿಯಲ್ಲಿ "ಮ್ಯಾನೇಜರು ಸೆರಗು ನೋಡಿದ್ರಂತೆ ಗುರು" ಎಂಬ ಮಾತು ಹರಿದಾಡುತ್ತಿತ್ತು. ಬಸ್ಸು ಹತ್ತಿ ತೂಬಗೆರೆಗೂ ಹೋಯಿತು. ಗಂಡನ ಮೇಲಿನ ಕಳ್ಳತನದ ಅಪವಾದ ಹೋದ ವಾರವೇ ಹೆಂಡತಿಯ ಮೇಲೆ ಇದು ಬಂದು ಕೂತಿತು. ಬಾಣಲೆಯಿಂದ ಬೆಂಕಿಗೆ ಎನ್ನುತ್ತಾರಲ್ಲ, ಹಾಗೆ. ನಾನು ಮನೆಗೆ ಹೋಗಿ ನೋಡಿದಾಗ ಸುಕನ್ಯಾ ಒಂದೇ ಮಾತು ಹೇಳಿದಳು. "ನಮ್ಮೆಜಮಾನ್ರು ನನ್ನ ಏನೂ ಕೇಳ್ಲಿಲ್ಲ ಅಣ್ಣಾ. ಕೇಳಿದ್ರೆ ಹೇಳ್ತಿದ್ದೆ." ಮುನಿರಾಜು ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ನಾನೇ ಹೋಗಿ ಅವನಿಗೆ ಡಿಸ್ಕಿನ ವಿಷಯ ಎಲ್ಲ ಬಿಡಿಸಿ ಹೇಳಿದೆ. "ಗೊತ್ತು ಬಿಡಿ ಸಾರ್" ಎಂದ. ಏನು ಗೊತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಪ್ರಭಾಕರ್ ಈಗಲೂ ಅಲ್ಲೇ ಇದ್ದಾರೆ. ನನ್ನ ಬೀಳ್ಕೊಡುಗೆಗೆ ಕೇಕ್ ತರಿಸಿದ್ದರು. ನಾನು ತಿನ್ನಲಿಲ್ಲ. ಹೊಸಬರಿಗೆ ಹೇಳುವುದು ಇಷ್ಟೇ. ನಿಮ್ಮ ಬೆಂಚಿನ ಮಾತು ಎಷ್ಟೇ ಮುದ್ದಾಗಿರಲಿ, ಕೆಲಸ ಕಡಿಮೆ ಮಾಡು ಎಂಬ ಅಪ್ಪಣೆ ಆ ಮಾತಿನಲ್ಲಿ ಬಂದಾಗ ಒಪ್ಪಬೇಡಿ. ಅದರ ನಿಜವಾದ ಹೆಸರಿಟ್ಟು ಬರೆದುಕೊಡಿ ಎನ್ನಿ.

ಈಚೆಗೆ ನೆಂಟರ ಮನೆಯ ಮದುವೆಗೆ ಸೀರೆ ಬೇಕೆಂದು ಹೆಂಡತಿಯನ್ನು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಮಗ್ಗದ ಶೆಡ್ಡಿನ ಮುಂದುಗಡೆಯೇ ಮಾರುವ ಅಂಗಡಿ. ಸೀರೆ ಮಡಿಸುತ್ತ ಕೂತಿದ್ದವಳು ತಲೆ ಎತ್ತಿದಳು. ಸುಕನ್ಯಾ. "ಬನ್ನಿ ಅಣ್ಣಾ" ಎಂದಳು, ಅಷ್ಟೆ. ಅವಳ ಕಥೆಯನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಆ ಮಾತನ್ನು ಮನೆಯವರೆಗೆ ಹೊತ್ತುಕೊಂಡು ಹೋಗಲು ನನಗೆ ಮನಸ್ಸಾಗಿರಲಿಲ್ಲ.

ಸುಕನ್ಯಾ ಒಂದೊಂದು ಸೀರೆಯನ್ನೂ ಪೂರ್ತಿ ಬಿಚ್ಚಿ, ಮಾರು ಮಾರಿಗೂ ಬೆಳಕಿಗೆ ಹಿಡಿದು ತೋರಿಸಿದಳು. ಒಂದರ ನಡುವೆ ಎಳೆ ತಪ್ಪಿದ್ದನ್ನು ತಾನೇ ಕಂಡು, "ಇದು ಬೇಡ ಬಿಡಿ ಅಕ್ಕ" ಎಂದು ಪಕ್ಕಕ್ಕಿಟ್ಟಳು. ನನ್ನ ಹೆಂಡತಿಗೆ ನೇರಳೆ ಬಣ್ಣದ್ದೊಂದು ಹಿಡಿಸಿತು.

"ಇದರ ಸೆರಗು ತೋರ್ಸಮ್ಮ."

ಸುಕನ್ಯಾಳ ಕೈ ನಿಂತಿತು. ಆಮೇಲೆ ಸೀರೆಯನ್ನು ತಿರುಗಿಸುತ್ತ, "ಈ ಕಡೆ ತುದಿನಾ ಅಕ್ಕ?" ಎಂದಳು.

"ತುದಿ ಅಲ್ಲಮ್ಮ, ಸೆರಗು."

"ಹೂಂ ಅಕ್ಕ. ಇದೇ ತುದಿ."

ಸೀರೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು. ದೇವನಹಳ್ಳಿ ರಸ್ತೆಗೆ ತಿರುಗಿದ ಮೇಲೆ ಹೆಂಡತಿ, "ಆ ಹುಡುಗಿ ಯಾವ ಕಡೆಯವಳೋ ಪಾಪ. ಸೀರೆ ಅಂಗಡೀಲಿ ಕೂತವ್ಳೆ, ಸೆರಗು ಅನ್ನೋ ಮಾತೇ ಗೊತ್ತಿಲ್ಲ ಅವ್ಳಿಗೆ" ಎಂದಳು.

ನಾನು ಹೂಂ ಎಂದು ಕಿಟಕಿಯ ಕಡೆ ತಿರುಗಿ ಕೂತೆ.